ಎಪ್ಪತ್ತರ ಹಟ

ಅರವತ್ತೆರಡು ತುಂಬಿದ ಕೂಡಲೇ ಸರ್ಕಾರದ ಪಿಂಚಣಿಗೆ ಹೆಸರು ಕೊಡದ ಗಂಡಸನ್ನು ಆ ಬಂದರಿನವರು ಮೂರ್ಖ ಎನ್ನುತ್ತಿದ್ದರು. ಅರವತ್ತೆಂಟು ತುಂಬಿದರೂ ಕೊಡದವನನ್ನು ಏನೆನ್ನಬೇಕೆಂದು ಅವರಿಗೇ ತಿಳಿದಿರಲಿಲ್ಲ. ಅಂಥವನು ಎಲ್ಡನ್ ಒಬ್ಬನೇ.

ಅಮೆರಿಕದ ಮೇಯ್ನ್‌ನ ಆ ಕರಾವಳಿಯಲ್ಲಿ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯುವ ಪ್ರತಿಯೊಬ್ಬನಿಗೂ ತನ್ನದೇ ಬಣ್ಣದ ಬೆಂಡು ಇರುತ್ತದೆ. ನೀರಿನ ತಳದಲ್ಲಿ ಬೋನು, ಅದರ ಗುರುತಿಗೆ ಮೇಲೆ ತೇಲುವ ಬೆಂಡು. ಪಿಂಚಣಿಗೆ ಹೆಸರು ಕೊಟ್ಟು ಬಂದವನು ತನ್ನದೊಂದು ಹಳೇ ಬೆಂಡನ್ನು ತಂದು, ದೋಣಿಗಳು ನಿಲ್ಲುವ ದಕ್ಕೆಯ ಷೆಡ್ಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಬೇಕು, ಆ ದಿನ ಎಲ್ಲರಿಗೂ ಅವನ ಲೆಕ್ಕದಲ್ಲಿ ಕಾಫಿ, ಡೋನಟ್. ಆಮೇಲೂ ಅವನು ಕಡಲಿಗೆ ಹೋಗುತ್ತಾನೆ, ಆದರೆ ಮನಸ್ಸು ಬಂದ ದಿನ ಮಾತ್ರ. ಎಲ್ಡನ್‌ನ ಅಣ್ಣ ಮರ್ಲ್ ಅರವತ್ತೆರಡಕ್ಕೇ ಬೆಂಡು ತೂಗುಹಾಕಿದ್ದ. ಅರವತ್ತಾರಕ್ಕೆ ಸತ್ತ. ಅವನ ಹಸಿರು ಬೆಂಡು ಇನ್ನೂ ಗೋಡೆಯ ಮೇಲಿತ್ತು.

"ಏನೋ ಎಲ್ಡನ್, ಸತ್ತ ಮೇಲೆ ತಗೋಳೋಣ ಅಂತಿದ್ದೀಯಾ? ಅಲ್ಲಿಗೆ ಅಂಚೆಯವನು ಬರಲ್ಲ ಮಾರಾಯ!" ಎಂದು ವರ್ನನ್ ದಿನವೂ ಕೆಣಕುತ್ತಿದ್ದ. ದಕ್ಕೆಯಲ್ಲಿ ಮೀನು ಕೊಳ್ಳುವವನು ಅವನು. ಬೇಯಿಸಿದ ಏಡಿಯನ್ನು ಮನೆಮನೆಯ ಹೆಂಗಸರಿಗೆ ಹಂಚಿ, ಅವರು ಬಿಡಿಸಿದ ಮಾಂಸವನ್ನು ಹೋಟೆಲುಗಳಿಗೆ ಮಾರುವವನೂ ಅವನೇ.

"ನೀನು ಅರವತ್ತೆರಡಕ್ಕೇ ಓಡಿಹೋಗಿ ತಗೊಂಡೆ. ಸುಮಾರು ಮೂರನೇ ಒಂದು ಪಾಲನ್ನ ಸರ್ಕಾರಕ್ಕೆ ಬಿಟ್ಟುಕೊಟ್ಟು ಬಂದೆ. ದೊಡ್ಡ ದಾನಶೂರ ನೀನು" ಎಂದು ಎಲ್ಡನ್ ಎರೆಮೀನಿನ ಡಬ್ಬ ಎತ್ತಿಕೊಂಡು ಹೋಗುತ್ತಿದ್ದ.

ಅವನು ಮೊದಲಿನಿಂದಲೂ ಹಾಗೆಯೇ. ಉಳಿದವರು ಹತ್ತು ಬುಟ್ಟಿ ಮಾರಿ ಆರು ಬುಟ್ಟಿಗೆ ತೆರಿಗೆ ಕಟ್ಟಿದರೆ, ಇವನು ಹತ್ತಕ್ಕೂ ಕಟ್ಟಿದವನು. ಊರೆಲ್ಲ ನಕ್ಕಿತ್ತು. ಈಗ ಮುಪ್ಪಿನಲ್ಲಿ ಲೆಕ್ಕ ತಿರುಗುಮುರುಗಾಗಿತ್ತು. ತೆರಿಗೆ ಕಟ್ಟಿದ ದುಡಿಮೆಗೆ ತಕ್ಕಷ್ಟೇ ತಾನೇ ಪಿಂಚಣಿ? ಆ ಬಂದರಿನಲ್ಲಿ ಎಲ್ಲರಿಗಿಂತ ದೊಡ್ಡ ಪಿಂಚಣಿ ಎಲ್ಡನ್‌ದು. ಅದನ್ನು ಮುಟ್ಟದೆ ಕೂತವನೂ ಅವನೇ.

ಅವನ ಹೆಂಡತಿ ರೊವೀನಾ, ಅವನಿಗಿಂತ ಒಂದು ವರ್ಷ ಚಿಕ್ಕವಳು, ಮದುವೆಯಾದಾಗಿನಿಂದ ಅಡುಗೆಮನೆಯ ಮೇಜಿನ ಮೇಲೆ ಏಡಿ ಬಿಡಿಸಿದವಳು. ಸಣ್ಣ ಚೂರಿಯಿಂದ ಕಾಲಿನ ಸಂದಿನ ಮಾಂಸವನ್ನೂ ಮುರಿಯದಂತೆ ತೆಗೆದು ಡಬ್ಬಿ ತುಂಬುತ್ತಿದ್ದಳು. ಇಬ್ಬರು ಮಕ್ಕಳು ಆ ಮೇಜಿನ ಕೆಳಗೇ ತೆವಳಿ ದೊಡ್ಡವರಾದರು. ಕೈಗೆ ಬರುತ್ತಿದ್ದುದು ನಗದು, ಸೇರುತ್ತಿದ್ದುದು ಹಿಟ್ಟಿನ ಡಬ್ಬಿಗೆ. ಅದನ್ನೂ ತೆರಿಗೆಯವರಿಗೆ ತೋರಿಸು ಎಂದು ಎಲ್ಡನ್ ಎಳೆಯ ವಯಸ್ಸಿನಲ್ಲೇ ಹೇಳಿದ್ದ. "ಸರ್ಕಾರ ಬಂದು ನನ್ನ ಏಡಿ ಬಿಡಿಸುತ್ತಾ? ವಾಸನೆ ನನಗೆ, ಪಾಲು ಅವರಿಗಾ?" ಎಂದು ಅವಳು ನಕ್ಕಿದ್ದಳು. ಅಲ್ಲಿನ ಹೆಂಗಸರೆಲ್ಲ ಹಾಗೆಯೇ ನಕ್ಕವರು. ಅದೊಂದು ಜಾಣತನವೆಂದೇ ಅವರು ನಂಬಿದ್ದರು. ಹತ್ತು ವರ್ಷದ ದುಡಿಮೆ ದಾಖಲಾಗಿದ್ದರೆ ಸಾಕು, ಮುಪ್ಪಿಗೆ ತಮ್ಮದೇ ಹೆಸರಿನಲ್ಲಿ ಪಿಂಚಣಿ ಬರುತ್ತದೆ ಎಂಬುದು ಅವರಿಗೆ ತಿಳಿಯುವ ಹೊತ್ತಿಗೆ ಬೆರಳುಗಳೇ ಸೊಟ್ಟಗಾಗಿದ್ದವು.

ರೊವೀನಾಳ ಹೆಬ್ಬೆರಳ ಬುಡ ಎರಡೂ ಕೈಯಲ್ಲಿ ಊದಿ ಗಂಟಾಗಿತ್ತು. ಬೆಳಗಿನ ಹೊತ್ತು ಅಂಗಿಯ ಗುಂಡಿ ಹಾಕಿಕೊಳ್ಳಲಾಗುತ್ತಿರಲಿಲ್ಲ. ಎಲ್ಡನ್ ಕತ್ತಲಿರುವಾಗಲೇ ಕಡಲಿಗೆ ಹೋಗಿರುತ್ತಿದ್ದನಾದ್ದರಿಂದ ಅವನಿಗೆ ಇದು ಕಾಣಿಸಲಿಲ್ಲ, ಅವಳೂ ಹೇಳಲಿಲ್ಲ. ಹೇಳಲು ಯಾವ ಮುಖ? ಪಾಲು ಅವರಿಗಾ ಎಂದು ನಕ್ಕ ಬಾಯಿ ಇದೇ ತಾನೇ?

ಆದರೆ ಒಂದು ದಾರಿಯಿತ್ತು. ಗಂಡ ಪಿಂಚಣಿ ಶುರುಮಾಡಿದರೆ, ಸ್ವಂತ ದುಡಿಮೆ ಇಲ್ಲದ ಹೆಂಡತಿಗೂ ಅವನಿಗೆ ಅರವತ್ತಾರಕ್ಕೆ ಬರಬಹುದಾಗಿದ್ದ ಪೂರ್ತಿ ಮೊತ್ತದಲ್ಲಿ ಅರ್ಧದಷ್ಟು ಅವಳ ಹೆಸರಿಗೆ ಬರುತ್ತದೆ. ಅವನು ಶುರುಮಾಡದಿದ್ದರೆ ಅವಳಿಗೆ ಬಿಡಿಗಾಸೂ ಇಲ್ಲ. ಅಂದರೆ ರೊವೀನಾ ಚೂರಿ ಕೆಳಗಿಡುವುದು ಯಾವಾಗ ಎಂಬುದು ಎಲ್ಡನ್ ಬಾಯಿಂದ ಬರಬೇಕಾದ ಒಂದು ಮಾತಿನ ಮೇಲೆ ನಿಂತಿತ್ತು. ಆ ಬಾಯೋ, ಚಿಪ್ಪು ಮುಚ್ಚಿಕೊಂಡ ಹಾಗೆ ಮುಚ್ಚಿಕೊಂಡಿತ್ತು.

ಜೂನ್ ತಿಂಗಳ ಒಂದು ಶನಿವಾರ, ಬೀನ್ಸ್ ಮತ್ತು ಕಂದು ಬ್ರೆಡ್ಡಿನ ಊಟಕ್ಕೆ ಕೂತಿದ್ದಾಗ, ಅವಳು ನೇರವಾಗಿಯೇ ಕೇಳಿದಳು.

"ಯಾವಾಗ ಎಲ್ಡನ್?"

"ಎಪ್ಪತ್ತಕ್ಕೆ."

"ನಿಮ್ಮಪ್ಪ ಎಷ್ಟಕ್ಕೆ ಹೋದದ್ದು?"

"ಅರವತ್ನಾಲ್ಕು."

"ಮರ್ಲ್?"

"ಗೊತ್ತಿರೋದನ್ನೇ ಯಾಕೆ ಕೇಳ್ತೀಯ?"

"ನೀನು ಮರ್ತೆಯೇನೋ ಅಂತ."

ಎಲ್ಡನ್ ಚಮಚ ಕೆಳಗಿಟ್ಟ. "ಮರ್ತಿಲ್ಲ ಕಣೇ. ಮರೀದೇ ಇರೋದಕ್ಕೇ ಕಾಯ್ತಿರೋದು. ನಾನು ಹೋದ ಮೇಲೆ ನನ್ನದು ಪೂರ್ತಿ ನಿನಗೆ ಬರುತ್ತೆ. ಎಪ್ಪತ್ತರವರೆಗೆ ನಾನು ಕಾದ ಒಂದೊಂದು ತಿಂಗಳಿಗೂ ಅದು ಒಂದಿಷ್ಟು ದಪ್ಪ ಆಗುತ್ತೆ. ನಡುವೆ ನಾನು ಸತ್ತೆ ಅಂತಿಟ್ಟುಕೋ, ಅಲ್ಲಿವರೆಗೆ ಬೆಳೆದಿದ್ದು ಎಲ್ಲೂ ಹೋಗಲ್ಲ, ನಿನ್ನದೇ. ಹೋದ ಚಳಿಗಾಲ ಗ್ಲೆನಿಸ್ ಮನೆಗೆ ಸೌದೆ ಹಾಕೋಕೆ ಹೋಗಿದ್ದೆನಲ್ಲ? ಅಡುಗೆಮನೇಲಿ ಕೋಟು ಹಾಕ್ಕೊಂಡು ಊಟ ಮಾಡ್ತಾ ಇದ್ದಳು. ಬೇರೆ ಕೋಣೆಗಳಿಗೆ ಬಾಗಿಲು ಹಾಕಿ ಸಂದಿಗೆ ಬಟ್ಟೆ ತುರುಕಿದ್ದಳು. ಮರ್ಲ್ ಬೇಗ ತಗೊಂಡು ಕತ್ತರಿಸಿಕೊಂಡ, ಅವಳು ಇವತ್ತಿಗೂ ಆ ಕತ್ತರಿಸಿದ್ದನ್ನೇ ತಿಂತಿದ್ದಾಳೆ. ನಿನಗೆ ಆ ಗತಿ ಬರಬಾರದು."

ಗ್ಲೆನಿಸ್ ಮರ್ಲ್‌ನ ವಿಧವೆ, ರೊವೀನಾಳಿಗೆ ವಾರಗಿತ್ತಿ.

"ಸರಿ" ಎಂದಳು ರೊವೀನಾ. "ನೀನು ಇರೋವಾಗ ನನಗೆ ಬರೋ ಅರ್ಧ ಇದೆಯಲ್ಲ, ನೀನು ಕಾದ್ರೆ ಅದು ಬೆಳೆಯುತ್ತಾ?"

ಎಲ್ಡನ್ ಬ್ರೆಡ್ಡಿನ ತುಂಡು ಮುರಿದು ಬೀನ್ಸಿನಲ್ಲಿ ಅದ್ದಿದ.

"ಬೆಳೆಯುತ್ತಾ ಅಂದೆ."

"ಇಲ್ಲ."

"ಅಂದ್ರೆ ನೀನು ಬದುಕಿದ್ದಾಗ ಬರೋದು ಬೆಳೆಯಲ್ಲ. ನೀನು ಸತ್ತ ಮೇಲೆ ಬರೋದು ಮಾತ್ರ ಬೆಳೆಯುತ್ತೆ. ಒಳ್ಳೇ ಬೇಸಾಯ ಮಾರಾಯ! ನಾನು ನಿನ್ನ ಹೆಂಡತಿಯೋ, ನಿನ್ನ ವಿಧವೆಯೋ? ಯಾರಿಗೆ ನೀನು ಕಡಲಿಗೆ ಹೋಗ್ತಿರೋದು?"

ಮೈಯೆಲ್ಲ ಉರಿದು ಎಲ್ಡನ್ ಎಂದೂ ಆಡದ ಮಾತನ್ನು ಆಡಿಬಿಟ್ಟ. "ನಿನ್ನ ಹೆಸರಲ್ಲೇ ಹತ್ತು ವರ್ಷದ ದುಡಿಮೆ ತೋರಿಸಿದ್ದಿದ್ರೆ ನನ್ನ ಬಾಯಿ ನೋಡೋ ಪಾಡು ಇರ್ತಿರಲಿಲ್ಲ. ನಾನು ಆವತ್ತೇ ಬಡ್ಕೊಂಡೆ."

ಆ ಮಾತು ಸುಳ್ಳಾಗಿದ್ದರೆ ರೊವೀನಾ ಅವನನ್ನು ಹುರಿದು ಮುಕ್ಕುತ್ತಿದ್ದಳು. ನಿಜವಾದ್ದರಿಂದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬೇಸಿಗೆಯೆಲ್ಲ ಆ ಮನೆಯಲ್ಲಿ ಅಗತ್ಯಕ್ಕೆ ತಕ್ಕಷ್ಟೇ ಮಾತು ನಡೆಯಿತು. ಅವನು ಕೈಯಾಳನ್ನೂ ಬಿಡಿಸಿ ಒಬ್ಬನೇ ಬೋನು ಎತ್ತತೊಡಗಿದ. ಪಿಂಚಣಿ ಇಲ್ಲದೆ ಎಪ್ಪತ್ತರವರೆಗೆ ಮನೆ ನಡೆಯಬೇಕಲ್ಲ, ಅದಕ್ಕೆ. ಅವಳು ವರ್ನನ್ ತಂದಿಟ್ಟ ಏಡಿಯ ಮುಂದೆ ಕೂತು, ಬೆರಳು ಮರಗಟ್ಟಿದಾಗಲೆಲ್ಲ ಬಿಸಿನೀರಿನಲ್ಲಿ ಅದ್ದಿ, ಮತ್ತೆ ಚೂರಿ ಹಿಡಿಯುತ್ತಿದ್ದಳು.

ಅಕ್ಟೋಬರ್‌ನಲ್ಲಿ ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಗಾಳಿ ಈಶಾನ್ಯಕ್ಕೆ ತಿರುಗಿತು. ದೋಣಿಗಳೆಲ್ಲ ಒಂದರ ಹಿಂದೊಂದು ಒಳಗೆ ಬಂದವು. ಎಲ್ಡನ್‌ನದು ಬರಲಿಲ್ಲ.

ವರ್ನನ್ ಮನೆಗೆ ಫೋನ್ ಮಾಡಿದ. "ರೊವೀನಾ, ಗಾಬರಿ ಬೀಳಬೇಡ. ಎಲ್ಡನ್ ರೇಡಿಯೋದಲ್ಲಿ ಉತ್ತರ ಕೊಡ್ತಿಲ್ಲ. ನಾವು ಎರಡು ದೋಣಿ ತಗೊಂಡು ಹೊರಟಿದ್ದೀವಿ." ಗಾಬರಿ ಬೀಳಬೇಡ ಎನ್ನುವವರು ಗಾಬರಿ ಬೀಳಿಸುವುದಕ್ಕೇ ಹಾಗೆ ಹೇಳುವುದು. ರೊವೀನಾ ಕೈ ತೊಳೆಯದೆ ಎದ್ದು ದಕ್ಕೆಗೆ ಬಂದಳು. ಹಿಂದೆಯೇ ಗ್ಲೆನಿಸ್ ಬಂದು ಅವಳ ಮೊಣಕೈ ಹಿಡಿದು ನಿಂತಳು. ಒಂದೂ ಮಾತಾಡಲಿಲ್ಲ. ಮರ್ಲ್ ಸತ್ತಾಗ ಸಮಾಧಾನದ ಮಾತಾಡಿದವರನ್ನೆಲ್ಲ ಅವಳು ಇನ್ನೂ ಕ್ಷಮಿಸಿರಲಿಲ್ಲ.

ಕಡಲು ಬೂದಿ ಬಣ್ಣಕ್ಕೆ ತಿರುಗಿ, ಎದುರಿನ ದ್ವೀಪದ ಬಂಡೆಗೆ ಬಡಿದ ನೊರೆ ದೂರದಿಂದಲೇ ಕಾಣುತ್ತಿತ್ತು. ರೊವೀನಾ ನೋಡಿದಳು, ನೋಡಿದಳು. ದೇವರೇ, ಅವನನ್ನು ತಂದುಕೊಡು ಎಂದಳು. ಇಷ್ಟು ತಿಂಗಳು ಮುಖ ತಿರುಗಿಸಿಕೊಂಡು ಮಲಗಿದೆನಲ್ಲ ಎಂದು ತನ್ನನ್ನು ತಾನೇ ಶಪಿಸಿಕೊಂಡಳು. ಹಾಗೆ ಶಪಿಸಿಕೊಳ್ಳುತ್ತಿರುವಾಗಲೇ, ಯಾರೂ ಕರೆಯದೆ, ತಲೆಯೊಳಗೆ ಒಂದು ಲೆಕ್ಕ ಶುರುವಾಯಿತು. ಅರವತ್ತೆಂಟೂವರೆ. ಇಲ್ಲಿವರೆಗೆ ಬೆಳೆದಿದ್ದು ಎಷ್ಟಾಯಿತು? ಅರ್ಧವಲ್ಲ, ಪೂರ್ತಿ. ಅಷ್ಟರಲ್ಲಿ ಚಳಿಗಾಲದ ಎಣ್ಣೆಯೊಲೆಗೂ ಮನೆ ತೆರಿಗೆಗೂ ಆಗುತ್ತದೆ. ಏಡಿ ಬಿಡಬಹುದು.

ಛೀ ಎಂದು ಅವಳು ಬಾಯಿ ಬಿಟ್ಟೇ ಅಂದಳು. ಗ್ಲೆನಿಸ್ ತಿರುಗಿ ನೋಡಿದಳು. ಗಂಡ ನೀರಿನಲ್ಲಿದ್ದಾನೋ ಇಲ್ಲವೋ ತಿಳಿಯದು, ಇವಳು ಇಲ್ಲಿ ನಿಂತು ಅವನ ಬೆಲೆ ಕಟ್ಟಿದ್ದಳು. ತನ್ನ ಬಗ್ಗೆ ತನಗೇ ಅಷ್ಟು ಹೇಸಿಗೆ ಅವಳಿಗೆ ಎಂದೂ ಆಗಿರಲಿಲ್ಲ.

ಕತ್ತಲಾಗುವ ಮುಂಚೆ ವರ್ನನ್‌ನ ದೋಣಿ ಎಲ್ಡನ್‌ನ ದೋಣಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದಿತು. ಎಲ್ಡನ್ ಕಂಬಳಿ ಸುತ್ತಿಕೊಂಡು ಕೂತಿದ್ದ, ಮುಖ ಹಿಟ್ಟು ಬಳಿದಂತಿತ್ತು. ಬೋನು ಎತ್ತುವಾಗ ಎದೆ ಹಿಡಿದುಕೊಂಡು ಬಿದ್ದಿದ್ದ. ಬೀಳುವಾಗ ಎಂಜಿನ್ ಆರಿಸುವಷ್ಟು ಪ್ರಜ್ಞೆ ಇತ್ತು, ರೇಡಿಯೋದವರೆಗೆ ಕೈ ಎತ್ತುವಷ್ಟು ತ್ರಾಣ ಇರಲಿಲ್ಲ. ಆಸ್ಪತ್ರೆಯಲ್ಲಿ ಎದೆಯ ರಕ್ತನಾಳಕ್ಕೆ ಒಂದು ಸ್ಟೆಂಟ್ ಹಾಕಿ, ಚಳಿಗಾಲ ಕಳೆಯುವವರೆಗೆ ಭಾರ ಎತ್ತಬಾರದೆಂದು ಹೇಳಿ ಮನೆಗೆ ಕಳಿಸಿದರು.

ಇನ್ನು ಅವನ ಹಟ ಇಳಿಯಿತು ಎಂದೇ ರೊವೀನಾ ತಿಳಿದಿದ್ದಳು. ಮನೆಗೆ ಬಂದ ವಾರದಲ್ಲೇ ಗ್ಲೆನಿಸ್ ಮೀನಿನ ಸಾರು ತಂದುಕೊಟ್ಟು ಅಡುಗೆಮನೆಯಲ್ಲಿ ಕೂತಿದ್ದಾಗ, ಎಲ್ಡನ್ ಕಿಟಕಿಯಾಚೆ ನೋಡುತ್ತ, "ಏಪ್ರಿಲ್‌ಗೆ ಬೋನು ಇಳಿಸ್ತೀನಿ. ಎಪ್ಪತ್ತಕ್ಕೆ ಇನ್ನೇನು, ಕಣ್ಣು ಮುಚ್ಚಿ ತೆಗೆಯೋದರೊಳಗೆ ಬಂತು" ಎಂದ.

"ಕಣ್ಣು ಮುಚ್ಚೋದು ಗ್ಯಾರಂಟಿ, ತೆಗೆಯೋದು ಹೇಳೋಕಾಗಲ್ಲ" ಎಂದಳು ಗ್ಲೆನಿಸ್.

"ಇವಳಿಗೋಸ್ಕರ ಗ್ಲೆನಿಸ್. ಗಂಡ ಹೋದ ಮೇಲೆ ಹೆಂಗಸರ ಪಾಡು ಏನಾಗುತ್ತೆ ಅಂತ ನಾನು ನೋಡಿಲ್ವಾ?"

"ನನ್ನ ಹೆಸರು ಹೇಳದೆ ನನ್ನ ಕಡೆಗೇ ಬೆರಳು ತೋರಿಸ್ತಿದ್ದೀಯಲ್ಲ, ಹೇಳೇಬಿಡು." ಗ್ಲೆನಿಸ್ ನಗುತ್ತಿರಲಿಲ್ಲ. "ನೋಡು, ನಾನು ಸುಳ್ಳು ಹೇಳಲ್ಲ. ಫೆಬ್ರವರಿ ಬಂದ್ರೆ ಮರ್ಲ್‌ಗೆ ಹಿಡಿಶಾಪ ಹಾಕ್ತೀನಿ. ಚಳಿ ಚಳಿಯೇ. ಆದ್ರೆ ಅವನು ಬೆಂಡು ತೂಗುಹಾಕಿದ ಮೇಲೆ ಸಾಯೋವರೆಗೆ ಮಧ್ಯಾಹ್ನದ ಊಟಕ್ಕೆ ಮನೇಲಿರ್ತಿದ್ದ. ಮದುವೆಯಾಗಿ ಅಷ್ಟು ವರ್ಷ ಆದ್ಮೇಲೆ ಹಗಲು ಹೊತ್ತು ನನ್ನ ಗಂಡನ ಮುಖ ಹೇಗಿರುತ್ತೆ ಅಂತ ನೋಡಿದೆ. ಅದನ್ನ ನೀನು ಯಾವ ಲೆಕ್ಕಕ್ಕೆ ಬರೀತೀಯೋ ಬರಿ. ನನ್ನ ಮೇಲೆ ಕನಿಕರ ಪಡೋದನ್ನ ಮಾತ್ರ ಬಿಡು." ಅವಳು ಪಾತ್ರೆ ಎತ್ತಿಕೊಂಡು ಹೋದಳು.

ಬಾಗಿಲು ಮುಚ್ಚಿದ ಮೇಲೆ ಎಲ್ಡನ್, "ಅವಳು ಧೈರ್ಯಸ್ಥೆ, ಹಾಗಂತಾಳೆ" ಎಂದ. "ಈ ಚಳಿಗಾಲ ಹೇಗೂ ಕಳೆಯುತ್ತೆ ರೊವೀನಾ. ನೀನು ಒಂದಿಷ್ಟು ಜಾಸ್ತಿ ಏಡಿ ತರಿಸಿಕೊಂಡರೆ ಆಯ್ತು."

ರೊವೀನಾ ಒಲೆಯ ಹತ್ತಿರದಿಂದ ಬಂದಳು. ಎರಡೂ ಕೈಗಳನ್ನು ಅವನ ಮುಂದೆ ಮೇಜಿನ ಮೇಲೆ ಇಟ್ಟಳು.

"ಮುಷ್ಟಿ ಕಟ್ಟು ಅನ್ನು" ಎಂದಳು.

"ಏನೇ?"

"ಅನ್ನು ಎಲ್ಡನ್."

"ಕಟ್ಟು."

ಅವಳು ಕಟ್ಟಲು ನೋಡಿದಳು. ಬೆರಳುಗಳು ಅರ್ಧಕ್ಕೆ ಬಾಗಿ ನಿಂತವು. ಎಲ್ಡನ್ ಆ ಗಂಟುಗಳನ್ನು ನೋಡಿದ. ಒಂದೇ ಹಾಸಿಗೆಯಲ್ಲಿ ಮಲಗುವ ಹೆಂಡತಿಯ ಕೈಗಳನ್ನು ಅವನು ಅಂದು ಮೊದಲ ಸಲ ನೋಡುವಂತಿತ್ತು.

"ಎಷ್ಟು ದಿನದಿಂದ?"

"ದಿನ ಅಲ್ಲ. ಗುಂಡಿ ಹಾಕ್ಕೊಳೋಕಾಗದೇ ವರ್ಷದ ಮೇಲಾಯ್ತು."

"ಹೇಳಬಾರದಿತ್ತಾ?"

"ಹೇಳಿದ್ರೆ ಆವತ್ತೇ ಬಡ್ಕೊಂಡೆ ಅಂತಿದ್ದೆ. ಹೇಳದೇನೇ ಅಂದೆಯಲ್ಲ." ಅವಳು ಮೇಜಿನಿಂದ ಕೈ ತೆಗೆಯಲಿಲ್ಲ. "ಇದೂ ಅಲ್ಲ ನಾನು ಹೇಳಬೇಕಾದ್ದು. ನೀನು ಬರದ ದಿನ ದಕ್ಕೇಲಿ ನಿಂತಿದ್ದೆನಲ್ಲ, ಆಗ ನಾನು ಲೆಕ್ಕ ಹಾಕಿದೆ."

"ಯಾವ ಲೆಕ್ಕ?"

"ಇವತ್ತು ನೀನು ಸತ್ತಿದ್ರೆ ನನಗೆಷ್ಟು ಬರುತ್ತೆ ಅಂತ. ಹಾಕಬೇಕು ಅಂತ ಹಾಕಲಿಲ್ಲ ಕಣೋ, ಅದೇ ಬಂತು. ಏಡಿ ಬಿಡಬಹುದಲ್ಲ ಅಂತಲೂ ಅನ್ನಿಸಿತು. ನೀನು ಆ ದುಡ್ಡು ಬೆಳೆಸ್ತಾ ಹೋಗು, ನಾನು ದಿನಾ ಈ ಮೇಜಿನ ಮುಂದೆ ಕೂತು ಅದನ್ನೇ ಯೋಚನೆ ಮಾಡ್ತೀನಿ. ಇನ್ನೊಂದು ವರ್ಷ ಹೀಗೇ ಹೋದರೆ ನಿನ್ನ ಸಾವಿಗೆ ದಾರಿ ಕಾಯೋ ಹೆಂಗಸಾಗಿಬಿಡ್ತೀನಿ. ನನ್ನನ್ನ ಅಂಥವಳನ್ನ ಮಾಡಬೇಡ ಎಲ್ಡನ್."

ಎಲ್ಡನ್‌ಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದಳು. ಅವನು ಅವಳ ಕೈಗಳನ್ನೇ ನೋಡುತ್ತ ಕೂತಿದ್ದ. ಆಮೇಲೆ ಒಂದು ಬೆರಳಿನಿಂದ, ನೋಯುತ್ತದೆಯೋ ಎಂಬಂತೆ, ಹೆಬ್ಬೆರಳ ಗಂಟನ್ನು ಮುಟ್ಟಿದ.

"ಸೋಮವಾರ ಕಚೇರಿ ತೆಗೆದಿರುತ್ತಾ?" ಎಂದ.

ಪಿಂಚಣಿ ಕಚೇರಿ ಒಂದು ಗಂಟೆಗೂ ಮೀರಿದ ದಾರಿ. ಎಲ್ಡನ್ ಚರ್ಚಿಗೆ ಹಾಕುವ ಕೋಟು ಹಾಕಿದ್ದ. ರೊವೀನಾಳ ಕೋಟಿನ ಗುಂಡಿಗಳನ್ನು ಅವನೇ ಹಾಕಿದ, ಒಂದನ್ನು ತಪ್ಪು ತೂತಿಗೆ. ಅವಳು ಅದನ್ನು ಹಾಗೇ ಬಿಟ್ಟಳು. ದಾರಿಯುದ್ದಕ್ಕೂ ಅವನು ಮನಸ್ಸು ಬದಲಿಸಿ ಗಾಡಿ ತಿರುಗಿಸಿಬಿಟ್ಟರೆ ಎಂಬ ಅಳುಕು ಅವಳಿಗಿತ್ತು. ಒಂದು ಸಲ ಅವನು ಪೆಟ್ರೋಲಿಗೆಂದು ನಿಲ್ಲಿಸಿದಾಗ ಮಡಿಲ ಚೀಲವನ್ನು ಎದೆಗೊತ್ತಿಕೊಂಡಳು.

ಕಚೇರಿಯಲ್ಲಿದ್ದವಳು ಚಿಕ್ಕ ಪ್ರಾಯದ, ಒಳ್ಳೆಯ ಮಾತಿನ ಹುಡುಗಿ. ಎಲ್ಡನ್‌ನ ಹೆಸರು ಹಾಕಿ ಪರದೆ ನೋಡಿ ಹುಬ್ಬೇರಿಸಿದಳು. "ಒಂದು ವರ್ಷವೂ ಬಿಟ್ಟುಹೋಗಿಲ್ಲ ಸರ್. ಇಷ್ಟು ಚೊಕ್ಕಟವಾದ ದಾಖಲೆ ನಾನು ನೋಡೋದೇ ಅಪರೂಪ. ಎಪ್ಪತ್ತರವರೆಗೆ ಕಾದರೆ ಇನ್ನೂ ಹೆಚ್ಚಾಗುತ್ತೆ ಅನ್ನೋದು ನಿಮಗೆ ಗೊತ್ತು ತಾನೇ? ಯಾವ ತಿಂಗಳಿಂದ ಶುರು ಮಾಡೋಣ?"

ಎಲ್ಡನ್ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದ. ಅವನ ಕಿವಿಗಳು ಕೆಂಪಾಗಿದ್ದವು.

"ಈ ತಿಂಗಳಿಂದಲೇ" ಎಂದ. "ನನ್ನದೂ, ಇವಳದ್ದೂ."

ಹುಡುಗಿ ಒತ್ತಬೇಕಾದ್ದನ್ನು ಒತ್ತಿ ರೊವೀನಾಳ ಕಡೆ ತಿರುಗಿದಳು. "ನಿಮ್ಮ ಹೆಸರಲ್ಲಿ ದುಡಿಮೆ ಏನೂ ದಾಖಲಾಗಿಲ್ಲ ಮೇಡಂ. ಇದು ಸರಿ ಇದೆ ತಾನೇ? ಕೇಳಲೇಬೇಕು, ಅದಕ್ಕೆ ಕೇಳ್ತಿದ್ದೀನಿ. ನೀವು ಯಾವತ್ತೂ ಕೆಲಸ ಮಾಡಿಲ್ಲ ಅಲ್ವಾ?"

ರೊವೀನಾ ಕೈಗಳನ್ನು ಚೀಲದ ಕೆಳಗೆ ಸರಿಸಿಕೊಂಡಳು. ಇಲ್ಲ ಎನ್ನಬೇಕು, ಎರಡೇ ಅಕ್ಷರ. ಮಾಡಿದ್ದೇನೆ ಎಂದರೆ ಅಷ್ಟು ವರ್ಷದ ನಗದಿನ ಲೆಕ್ಕ ಯಾರು ಕೊಡುವುದು? ಬೆಳಗಾಗುವ ಮುಂಚಿನಿಂದ ಕತ್ತಲಾಗುವವರೆಗೆ ಆ ಮೇಜಿನ ಮುಂದೆ ಕೂತ ಹೆಂಗಸು ಒಳಗೇ ಎದ್ದು ನಿಂತು ಇವಳ ಬಾಯಿ ಮುಚ್ಚಿದ್ದಳು.

"ಇಲ್ಲ" ಎಂದ ಎಲ್ಡನ್. "ಇವಳು ಯಾವತ್ತೂ ಕೆಲಸ ಮಾಡಿಲ್ಲ."

"ಅದೃಷ್ಟವಂತರು ನೀವು ಮೇಡಂ" ಎಂದು ನಕ್ಕು ಹುಡುಗಿ ಮುಂದಿನ ಪ್ರಶ್ನೆಗೆ ಹೋದಳು.

ಹೊರಗೆ ಬಂದು ಗಾಡಿಯಲ್ಲಿ ಕೂತರು. ಎಲ್ಡನ್ ಕೀಲಿ ಹಾಕಿದ, ತಿರುಗಿಸಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡೇ ಕೂತ. ಅವನ ಗದ್ದ ನಡುಗುತ್ತಿತ್ತು. ಅಪ್ಪ ಸತ್ತಾಗಲೂ, ಮರ್ಲ್ ಸತ್ತಾಗಲೂ ಅವಳು ಅದನ್ನು ಕಂಡಿರಲಿಲ್ಲ.

"ಇಷ್ಟು ವರ್ಷದಲ್ಲಿ ಸರ್ಕಾರದವರ ಮುಂದೆ ಒಂದು ಸುಳ್ಳು ಹೇಳಿದವನಲ್ಲ ನಾನು" ಎಂದ. "ಹೇಳಿದ್ದೊಂದೇ ಸುಳ್ಳು, ಅದನ್ನೂ ನಿನ್ನ ಮೇಲೇ ಹೇಳಿಬಿಟ್ಟೆನಲ್ಲ ಕಣೇ."

"ನನಗೋಸ್ಕರ ಹೇಳಿದೆ" ಎಂದಳು ರೊವೀನಾ. "ನಡಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರೋಣ."